ಕೋಳಿ ವಿಜ್ಞಾನ ಸಂಘಕ್ಕೆ ಮೊದಲು ಬೇಕಾದದ್ದು ಕೋಳಿ

ಕಾಲೇಜಿನ ಕೋಳಿ ವಿಜ್ಞಾನ ಸಂಘಕ್ಕೆ ಸದಸ್ಯರು ಬರುತ್ತಿಲ್ಲ, ಉಪನ್ಯಾಸ, ರಸಪ್ರಶ್ನೆ, ಫಾರಂ ಭೇಟಿ ಇವುಗಳಲ್ಲಿ ಯಾವುದನ್ನು ಹೆಚ್ಚಿಸಬೇಕು ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಗ ನಾನೂ ಇಂಥದೇ ಸಂಘದ ಕಾರ್ಯದರ್ಶಿಯಾಗಿದ್ದೆ, ನನ್ನನ್ನೂ ಈ ಚಿಂತೆಯೇ ಕಾಡುತ್ತಿತ್ತು. ಸದಸ್ಯರ ಸಂಖ್ಯೆಯನ್ನು ಬದಿಗಿಡಿ ಎನ್ನುವುದೇ ನನ್ನ ಉತ್ತರ. ದಿನವೂ ಬೆಳಿಗ್ಗೆ ಎದ್ದು ನೀರಿನ ಪಾತ್ರೆ ತೊಳೆಯುವ ಏಳೆಂಟು ಜನರಿದ್ದರೆ ಸಂಘ ನಡೆಯುತ್ತದೆ.

ನಾವು ಗಿರಿರಾಜ ಮರಿಗಳನ್ನು ತಂದದ್ದು ಆರಿದ್ರಾ ಮಳೆ ಹಿಡಿದ ಹೊತ್ತಿನಲ್ಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಬಣ್ಣದ ತಳಿ ಅದು, ಮಲೆನಾಡಿನ ಮನೆಗಳಿಗೆ ಚೆನ್ನಾಗಿ ಒಗ್ಗುತ್ತದೆ. ಆರು ವಾರ ಸಾಕಿ, ಲಸಿಕೆ ಹಾಕಿ, ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯ ಹೆಣ್ಣುಮಕ್ಕಳಿಗೆ ಕಡಿಮೆ ಬೆಲೆಗೆ ಕೊಡುವುದೆಂದು ಮಾತಾಗಿತ್ತು. ಕೆಲವರು ಮುಂಗಡವನ್ನೂ ಕೊಟ್ಟಿದ್ದರು. ಹಳೆಯ ಷೆಡ್ಡೊಂದನ್ನು ಸುಣ್ಣ ಬಳಿದು ಸಜ್ಜುಗೊಳಿಸಿ, ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿದೆವು. ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ಇತ್ತು.

ಪುನರ್ವಸು ಮಳೆ ಜಡಿಯತೊಡಗಿದಾಗ ನಾನು ನಾಲ್ಕೂ ಬದಿಯ ಪರದೆಗಳನ್ನು ನೆಲದವರೆಗೆ ಇಳಿಸಿ ಕಟ್ಟಿಸಿದೆ. ಈ ಒಂದು ತಪ್ಪನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಹೊಸದಾಗಿ ಕೋಳಿ ಸಾಕುವ ಬಹುಪಾಲು ಜನ ಇದನ್ನೇ ಮಾಡುತ್ತಾರೆ ಮತ್ತು ಮಾಡುವಾಗ ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಹೊರಗಿನ ಗಾಳಿಯೇ ತೇವವಾಗಿರುವಾಗ ಅದನ್ನು ಒಳಗೆ ಬಿಟ್ಟರೆ ಹೊಟ್ಟು ಒದ್ದೆಯಾಗುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಷೆಡ್ಡಿನ ತೇವ ಬಹುಮಟ್ಟಿಗೆ ಬರುವುದು ಕೋಳಿಯಿಂದಲೇ. ತಿಂದ ಆಹಾರದ ಸುಮಾರು ಎರಡರಷ್ಟು ತೂಕದ ನೀರನ್ನು ಕೋಳಿ ಕುಡಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಹಿಕ್ಕೆಯಲ್ಲಿಯೂ ಉಸಿರಿನಲ್ಲಿಯೂ ಹೊರಹಾಕುತ್ತದೆ. ಪರದೆ ಮುಚ್ಚಿದರೆ ಈ ನೀರಿಗೆ ಹೋಗಲು ದಾರಿಯಿಲ್ಲ. ಇನ್ನು ಹೊರಗಿನ ಗಾಳಿಯ ವಿಚಾರ. ಮಳೆಯ ದಿನ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವದಿಂದ ಪೂರ್ತಿ ತುಂಬಿದ ಗಾಳಿ ಷೆಡ್ಡಿನೊಳಗೆ ಬಂದು 29 ಡಿಗ್ರಿಗೆ ಕಾಯ್ದರೆ, ಅದರ ಸಾಪೇಕ್ಷ ಆರ್ದ್ರತೆ ಸುಮಾರು ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. ಅಂದರೆ ಆ ಗಾಳಿ ಒಳಗಿನ ತೇವವನ್ನು ಹೀರಿಕೊಂಡು ಹೊರಗೆ ಸಾಗಿಸಬಲ್ಲದು. ಮಳೆಗಾಲದಲ್ಲಿ ಹೊಟ್ಟನ್ನು ಒಣಗಿಸುವುದು ಈ ಗಾಳಿಯೇ, ನಾನು ತಡೆದದ್ದೂ ಅದನ್ನೇ. ಪರದೆಯನ್ನು ಕೆಳಗೆ ಬಿಗಿದು ಮೇಲ್ಗಡೆ ಒಂದಡಿ ತೆರೆದಿಟ್ಟು, ಇರಚಲು ಹೊಡೆಯದಂತೆ ಮಾಡನ್ನು ಮುಂಚಾಚಿಸಿದ್ದರೆ ಮರಿಗಳ ಮೇಲೆ ನೇರವಾಗಿ ಚಳಿಗಾಳಿಯೂ ಬೀಸುತ್ತಿರಲಿಲ್ಲ, ತೇವವೂ ನಿಲ್ಲುತ್ತಿರಲಿಲ್ಲ.

ವಾರದೊಳಗೆ ಹೊಟ್ಟು ಹೆಂಟೆಗಟ್ಟಿತು, ಒಳಗೆ ಅಮೋನಿಯಾ ತುಂಬಿತು. ದಿನವೂ ಒಳಗೆ ಹೋಗುವವರ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ, ಆದ್ದರಿಂದ ನಮಗೆ ಅದು ತಿಳಿಯಲಿಲ್ಲ. ಬೇರೆ ವಿಭಾಗದ ಒಬ್ಬ ಹುಡುಗ ಬಾಗಿಲಲ್ಲೇ ಕಣ್ಣುಜ್ಜಿಕೊಂಡು ಹಿಂದೆ ಸರಿದಾಗಲೂ ನಾವು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಜೀವಿಯ ಮೊಟ್ಟೆಯಂಥ ಕೋಶಗಳು ಹಿಕ್ಕೆಯಲ್ಲಿ ಬಿದ್ದ ಮೇಲೆ ಬಲಿತು ಸೋಂಕು ಹರಡುವಂತಾಗಲು ಬೆಚ್ಚಗೆ, ಒದ್ದೆ ಮತ್ತು ಆಮ್ಲಜನಕ ಇದ್ದರೆ ಸಾಕು, ಒಂದೆರಡು ದಿನಗಳಲ್ಲಿ ಸಿದ್ಧವಾಗುತ್ತವೆ. ಪುಷ್ಯ ಮಳೆಯ ಹೊತ್ತಿಗೆ ಮರಿಗಳು ರೆಕ್ಕೆ ಜೋಲಿಸಿ ಮೂಲೆಯಲ್ಲಿ ಗುಂಪುಗಟ್ಟಿ ನಿಂತವು, ಹಿಕ್ಕೆಯಲ್ಲಿ ರಕ್ತ ಕಾಣಿಸಿತು. ಸತ್ತ ಮರಿಯನ್ನು ಕೊಯ್ದು ನೋಡಿದಾಗ ಕುರುಡುಕರುಳು ರಕ್ತದಿಂದ ಉಬ್ಬಿತ್ತು. ಆಂಪ್ರೋಲಿಯಮ್ ಔಷಧಿಯನ್ನು ಕುಡಿಯುವ ನೀರಿನಲ್ಲಿ ಕೊಟ್ಟೆವು, ಆದರೆ ತಡವಾಗಿತ್ತು. ಅರ್ಧಕ್ಕೂ ಹೆಚ್ಚು ಮರಿಗಳು ಹೋದವು. ಮುಂಗಡ ಕೊಟ್ಟವರಿಗೆ ಹಣ ಹಿಂದಿರುಗಿಸಿದೆವಾದರೂ ಆ ಹಳ್ಳಿಯವರು ಮತ್ತೆ ನಮ್ಮನ್ನು ನಂಬಿ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ನನ್ನನ್ನು ಹೆಚ್ಚು ನೋಯಿಸಿದ್ದು ಅದೇ.

ಆ ದಿನಗಳಲ್ಲಿ ನಮ್ಮ ಸಂಘದ ಎಲ್ಲರೂ ರಸಪ್ರಶ್ನೆ ಸ್ಪರ್ಧೆಯ ತಯಾರಿಯಲ್ಲಿದ್ದರು. ಕಾಕ್ಸಿಡಿಯಾದ ಪ್ರಭೇದಗಳ ಹೆಸರನ್ನು ಬಾಯಿಪಾಠ ಹೇಳಬಲ್ಲವರು ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಲಿಲ್ಲ. ಹಿಡಿದು ಬಿಟ್ಟಾಗ ಅದು ಉದುರಿಹೋಗಬೇಕು. ಉಂಡೆಯಾಗಿ ನಿಂತರೆ ಆ ಹೊತ್ತಿಗೇ ಕೆದರಿ, ಒದ್ದೆ ಭಾಗವನ್ನು ತೆಗೆದು, ಒಣ ಹೊಟ್ಟು ಹಾಕಬೇಕು. ಆದ್ದರಿಂದಲೇ ಸಂಘವೆಂದರೆ ಮೊದಲು ಒಂದು ಸಣ್ಣ ಹಿಂಡು ಮತ್ತು ಅದರ ದಾಖಲೆ ಪುಸ್ತಕ ಎನ್ನುತ್ತೇನೆ. ಕುಡಿದ ನೀರು, ತಿಂದ ಆಹಾರ, ಒಳಗಿನ ಉಷ್ಣಾಂಶ, ಸಾವು, ಇಷ್ಟನ್ನು ಆ ದಿನದ ಸರದಿಯವರು ಸಹಿ ಹಾಕಿ ಬರೆಯಲಿ. ನೀರು ಕುಡಿಯುವುದು ಕಡಿಮೆಯಾಗುವುದು ಅನೇಕ ವೇಳೆ ರೋಗದ ಮೊದಲ ಸುಳಿವು. ನಮ್ಮಲ್ಲಿ ಪುಸ್ತಕವಿದ್ದಿದ್ದರೆ ರಕ್ತ ಕಾಣುವ ಮೊದಲೇ ಎಚ್ಚರಾಗುತ್ತಿತ್ತು.

ಹಿಂಡು ನೆಲೆಗೊಂಡ ಮೇಲೆ ಹಳ್ಳಿಗೆ ಹೋಗಿ. ವಿದ್ಯಾರ್ಥಿ ಸಂಘವೊಂದು ಮಲೆನಾಡಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ಲಸಿಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಮನೆಯ ಒಡ್ಡಿಯಲ್ಲಿ ಇರುವುದು ಹತ್ತು ಹದಿನೈದು ಕೋಳಿ, ಆದರೆ ಲಸಿಕೆಯ ಶೀಶೆ ಬರುವುದು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು. ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸದಿದ್ದರೆ ಅದು ವ್ಯರ್ಥ. ಹಾಗಾಗಿ ಒಂಟಿ ಮನೆಯವರು ಹಾಕಿಸುವುದೇ ಇಲ್ಲ, ರೋಗ ಬಂದಾಗ ಒಡ್ಡಿಯೇ ಬರಿದಾಗುತ್ತದೆ. ಗುಡ್ಡದ ನಡುವೆ ದೂರ ದೂರ ಚದುರಿದ ನಮ್ಮ ಮನೆಗಳಿಗೆ ಈ ತೊಡಕು ಇನ್ನೂ ಹೆಚ್ಚು. ಮೊದಲೇ ಮನೆಗಳ ಪಟ್ಟಿ ಮಾಡಿ, ಕೋಳಿಗಳು ಇನ್ನೂ ಒಡ್ಡಿಯಲ್ಲಿರುವ ನಸುಕಿನಲ್ಲಿ ಹೋಗಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಒಂದು ಊರನ್ನು ಒಂದೇ ಬೆಳಗಿನಲ್ಲಿ ಮುಗಿಸಿ. ಲಸಿಕೆಯನ್ನು ದಾರಿಯುದ್ದಕ್ಕೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು. ರೋಗ ಈಗಾಗಲೇ ಕಾಣಿಸಿಕೊಂಡ ಮನೆಯಿದ್ದರೆ ಅಲ್ಲಿ ಕಾಲಿಡದೆ ಪಶುವೈದ್ಯರಿಗೆ ತಿಳಿಸಿ, ಏಕೆಂದರೆ ನಿಮ್ಮ ಚಪ್ಪಲಿಯೇ ರೋಗವನ್ನು ಮುಂದಿನ ಮನೆಗೆ ಒಯ್ಯುತ್ತದೆ.

ಫಾರಂ ಭೇಟಿಯ ಬಗ್ಗೆ ನನಗೆ ಉತ್ಸಾಹವಿಲ್ಲದಿರುವುದಕ್ಕೂ ಇದೇ ಕಾರಣ. ಮೂವತ್ತು ಜನ ಬಸ್ಸಿನಲ್ಲಿ ಹೋಗಿ ಇನ್ನೊಬ್ಬರ ಜೀವನೋಪಾಯದ ಷೆಡ್ಡಿನೊಳಗೆ ಸುತ್ತಾಡುವುದು ಸರಿಯಲ್ಲ. ಹೋಗಲೇಬೇಕಾದರೆ ಚಿಕ್ಕ ತಂಡದಲ್ಲಿ ಹೋಗಿ, ಅಂದು ನಿಮ್ಮ ಹಿಂಡಿನ ಬಳಿ ಸುಳಿಯಬೇಡಿ. ಅಕ್ಟೋಬರ್ ಎರಡನೆಯ ಶುಕ್ರವಾರದ ವಿಶ್ವ ಮೊಟ್ಟೆ ದಿನವನ್ನು ಮಾತ್ರ ಬಿಡಬೇಡಿ. ಭಾಷಣದ ಬದಲು ಶಾಲೆಯೊಂದಕ್ಕೆ ಹೋಗಿ ಹೊಸ ಮೊಟ್ಟೆಯನ್ನೂ ಹಳೆಯ ಮೊಟ್ಟೆಯನ್ನೂ ಗಾಜಿನ ಮೇಲೆ ಒಡೆದು ತೋರಿಸಿ. ಲೋಳೆ ಹೇಗೆ ಹರಡುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಮಳೆಗಾಲ ಹತ್ತಿರವಿದ್ದರೆ ಈಗ ಮರಿ ತರಬೇಡಿ, ದೀಪಾವಳಿ ಕಳೆಯಲಿ. ಆಗ ಗಾಳಿ ಒಣಗಿರುತ್ತದೆ. ರಾತ್ರಿಯ ಚಳಿಗೆ ಮಾತ್ರ ಸಿದ್ಧರಿರಬೇಕು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಇರಲಿ, ಬಳಿಕ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಕರೆಂಟು ಹೋದಾಗ ಇದ್ದಿಲ ಒಲೆ ಇಡುವುದಾದರೆ ಪರದೆಯ ಮೇಲ್ಭಾಗ ತೆರೆದೇ ಇರಬೇಕು, ಇಲ್ಲವಾದರೆ ಅದರ ಅನಿಲದಿಂದ ಮರಿಗಳಿಗೂ ಕಾವಲಿರುವವರಿಗೂ ಅಪಾಯ.