ಪ್ರತಿಕ್ರಿಯೆ: ಮೇಸ್ತ್ರಿ ಕೊಡದ ಕಾಫಿ ಕುಯ್ಲಿನ ಕೂಲಿ

ಮೂಡಿಗೆರೆಯ ಕಾಫಿ ತೋಟದಲ್ಲಿ ಕುಯ್ಲು ಮಾಡಿದ ಅಸ್ಸಾಂ ಕುಟುಂಬಗಳಿಗೆ ಕೂಲಿ ಸಿಕ್ಕಿಲ್ಲ, ಏನು ಮಾಡುವುದು ಎಂದು ಕೇಳಿದ್ದೀರಿ. ಹಣ ಬಹುಶಃ ಮೇಸ್ತ್ರಿ, ಅಂದರೆ ಆಳುಗಳನ್ನು ಕರೆತಂದ ಗುತ್ತಿಗೆದಾರನ ಹತ್ತಿರವೇ ನಿಂತಿದೆ. ಮುಂಗಡ, ರೈಲು ಖರ್ಚು ಅಂತ ಹಿಡಿದುಕೊಳ್ಳುವುದು ಮಾಮೂಲಿ. ಹಾಗಂತ 'ಮೇಸ್ತ್ರಿಗೆ ಕೊಟ್ಟಾಯ್ತು' ಎಂದು ತೋಟದ ಮಾಲೀಕರು ಕೈತೊಳೆದುಕೊಳ್ಳುವ ಹಾಗಿಲ್ಲ. 2019ರ ವೇತನ ಸಂಹಿತೆಯ 43ನೇ ಸೆಕ್ಷನ್ ಪ್ರಕಾರ, ಗುತ್ತಿಗೆದಾರ ಕೊಡದಿದ್ದರೆ ಜವಾಬ್ದಾರಿ ಮಾಲೀಕರದ್ದೇ.

ಆ ಕುಟುಂಬಗಳು ಊರಿಗೆ ಹೊರಡುವ ಮುಂಚೆ ಲೈನ್ ಮನೆಯಲ್ಲೇ (ತೋಟದ ಕಾರ್ಮಿಕರ ಸಾಲು ಮನೆ) ಕೂತು ಲೆಕ್ಕ ಬರೆಸಿ. ಹೆಸರು, ಕುಯ್ದ ದಿನಗಳು, ಕಿಲೋ, ರೇಟು, ಪಡೆದ ಮುಂಗಡ. ಹೆಂಗಸರ ತೂಕವನ್ನು ಗಂಡನ ಹೆಸರಿಗೆ ಸೇರಿಸಬೇಡಿ, ಅವರ ಕೂಲಿ ಅವರದ್ದು. ತೂಕದ ಚೀಟಿ, ರೈಟರ್ (ತೋಟದ ಲೆಕ್ಕ ಬರೆಯುವವರು) ಪುಸ್ತಕದ ಫೋಟೋ ತೆಗೆಯಿರಿ. ಚೀಟಿ ಇಲ್ಲದಿದ್ದರೂ ಹೆದರಬೇಡಿ: ಕೂಲಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದವರು ಕೆಲಸ ಕೊಟ್ಟವರು.

ಆಮೇಲೆ ಮಾಲೀಕರಿಗೆ ಬರಹದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು; ಅದಕ್ಕೆ 3 ವರ್ಷದ ಅವಕಾಶವಿದೆ. ಹೆಂಗಸರಿಗೆ, ಪರಿಶಿಷ್ಟರಿಗೆ ವಕೀಲರು ಉಚಿತ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಗೇಟಲ್ಲಿ ರೈನ್‌ಫಾರೆಸ್ಟ್ ಅಲಯನ್ಸ್ (ತೋಟಗಳಿಗೆ ಪ್ರಮಾಣಪತ್ರದ ಮುದ್ರೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಬೋರ್ಡ್ ಇದೆಯಾ ನೋಡಿ. ಇದ್ದರೆ ಅಲ್ಲಿಗೂ ದೂರು ಕೊಡಿ. ಹೊರದೇಶದ ಎಷ್ಟೋ ಖರೀದಿದಾರರು ಆ ಮುದ್ರೆ ನೋಡಿ ಕೊಳ್ಳುತ್ತಾರೆ, ಹಾಗಾಗಿ ಮಾಲೀಕರು ಬೇಗ ಬಗ್ಗಬಹುದು. ಮುಂಗಡ ಕಳೆದು ಎಷ್ಟು ಕೈಗೆ ಬರುತ್ತದೆ ಅನ್ನುವುದು ಮಾತ್ರ ಲೆಕ್ಕಕ್ಕೆ ಕೂತಾಗಲೇ ಗೊತ್ತಾಗುವುದು. ಎಲ್ಲರ ಬ್ಯಾಂಕ್ ಖಾತೆ, ಫೋನ್ ನಂಬರ್ ಈಗಲೇ ಬರೆದುಕೊಳ್ಳಿ.