ಗ್ರೂಪಿನಲ್ಲಿ 812 ಜನ, ಆರ್ಡರ್ ಒಂಬತ್ತು

ಶಿರಸಿ, ಕುಮಟಾ, ಕಾರವಾರದ ಸಣ್ಣ ವ್ಯಾಪಾರಿಗಳಿಗೆ ಪ್ರಚಾರದ ಕೆಲಸ ಮಾಡಿಕೊಡುತ್ತಾ ಇಪ್ಪತ್ತೆರಡು ವರ್ಷ ಆಯಿತು. ಮೊದಲು ಗೋಡೆ ಬರಹ, ಆಮೇಲೆ ಕರಪತ್ರ, ಆಮೇಲೆ ಆಟೋಕ್ಕೆ ಮೈಕು, ಈಗ ಮೊಬೈಲು. ಕೇಳುವ ಪ್ರಶ್ನೆ ಮಾತ್ರ ಅದೇ: ಗಿರಾಕಿ ಹಿಡಿಯುವುದು ಹೇಗೆ? ಲೋಗೋ ಯಾವ ಬಣ್ಣ ಇರಬೇಕು, ಪೇಜ್ ಹೇಗೆ ತೆರೆಯಬೇಕು ಎಂದು ಬರೆದವರಿಗೆ ಇಲ್ಲಿ ಉತ್ತರ ಇಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಅವರನ್ನು ಕೇಳಿ.

ಪ್ರಶ್ನೆ: ನಮ್ಮದು ನಲವತ್ತು ಜೇನು ಪೆಟ್ಟಿಗೆ, ಎಲ್ಲ ತುಡುವೆ ಜಾತಿಯ ಹುಳ. ಎರಡು ವರ್ಷದ ಹಿಂದೆ ವಾಟ್ಸಾಪ್ ಗ್ರೂಪ್ ಮಾಡಿದೆ. ಈಗ 812 ಜನ ಇದ್ದಾರೆ. ದಿನಾ ಶುಭೋದಯ ಹಾಕುತ್ತೇನೆ, ವಾರಕ್ಕೆ ಎರಡು ಆಫರ್ ಹಾಕುತ್ತೇನೆ. ಅಸಲಿ ಜೇನು ಗುರುತಿಸುವ ವಿಡಿಯೊ ಕೂಡ ಹಾಕಿದೆ. ಹೋದ ತಿಂಗಳು ಬಂದದ್ದು ಒಂಬತ್ತೇ ಆರ್ಡರ್. ಮೇಲಿಂದ ಇಬ್ಬರು ‘ನಿಮ್ಮದು ಕಲಬೆರಕೆ’ ಎಂದರು. ಕಮ್ಯುನಿಟಿ ಕಟ್ಟುವುದು ಹೇಗೆ? (ಜೇನು ಕೃಷಿಕ, ಶಿರಸಿ ತಾಲ್ಲೂಕು)

ಪ್ರಶ್ನೆ ಜೊತೆ ಕಳಿಸಿದ ವಿಡಿಯೊ ನೋಡಿದೆ. ಬೆಂಕಿಕಡ್ಡಿಯನ್ನು ಜೇನಿನಲ್ಲಿ ಅದ್ದಿ ಗೀರುವುದು. ಹತ್ತಿಕೊಂಡರೆ ಅಸಲಿ, ಹತ್ತದಿದ್ದರೆ ನಕಲಿ. ಮಾರಾಯ್ರೆ, ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳೆದುಕೊಂಡಿದ್ದೀರಿ.

ಆ ಕಡ್ಡಿಗೆ ಗೊತ್ತಾಗುವುದು ನೀರಿನಂಶ ಒಂದೇ. ಗಟ್ಟಿ ಸಕ್ಕರೆ ಪಾಕದಲ್ಲಿ ಅದ್ದಿದರೂ ಹತ್ತಬಹುದು. ನಮ್ಮ ಮಲೆನಾಡಿನ ತುಡುವೆ ಜೇನು ಮೊದಲೇ ತೆಳು. ಆಹಾರ ಸುರಕ್ಷತೆ ನಿಯಮದಲ್ಲಿ ನೀರಿನಂಶಕ್ಕೆ ನೂರಕ್ಕೆ 20ರ ಮಿತಿ ಇದೆ. ಹುಳ ಇನ್ನೂ ಮೇಣ ಮುಚ್ಚದ ಗೂಡಿನ ಎರಿಯಿಂದ ಜೇನುತುಪ್ಪ ತೆಗೆದರೆ ಅದನ್ನು ದಾಟಲಿಕ್ಕೆ ಎಷ್ಟು ಹೊತ್ತು? ನಿಮ್ಮ ಗಿರಾಕಿ ಹುಬ್ಬಳ್ಳಿಯಲ್ಲಿ ಕೂತು ನಿಮ್ಮದೇ ಜೇನಿಗೆ ಕಡ್ಡಿ ಅದ್ದಿದರು, ಅದು ಚುಸ್ ಎಂದಿತು. ಕಲಬೆರಕೆ ಎನ್ನಲು ಅವರಿಗೆ ಕಲಿಸಿದವರು ನೀವೇ.

ಲೋಟದ ನೀರಿಗೆ ಹನಿ ಬಿಡುವುದು, ಪೇಪರ್ ಮೇಲೆ ಸುರಿಯುವುದು, ನಾಯಿ ಮೂಸುತ್ತದಾ ಎಂದು ನೋಡುವುದು, ಇವೆಲ್ಲ ಅದೇ ಜಾತಿಯವು. 2020ರ ಡಿಸೆಂಬರಿನಲ್ಲಿ ದೆಹಲಿಯ ಪರಿಸರ ಅಧ್ಯಯನದ ಸಿಎಸ್‌ಇ ಸಂಸ್ಥೆ 13 ಬ್ರ್ಯಾಂಡಿನ ಜೇನಿಗೆ ಸಕ್ಕರೆ ಪಾಕ ಬೆರೆಸಿದ್ದಾರಾ ಎಂದು ತಪಾಸಣೆ ಮಾಡಿಸಿದ ವರದಿ ಕೊಟ್ಟಿತು. ಮಾಮೂಲಿ ಲ್ಯಾಬ್ ಪರೀಕ್ಷೆಯಲ್ಲಿ ಹೆಚ್ಚಿನವು ಪಾಸು. ಎನ್‌ಎಂಆರ್ ಎನ್ನುವ ದೊಡ್ಡ ಪರೀಕ್ಷೆಯಲ್ಲಿ ಪಾಸಾದದ್ದು ಮೂರೇ. ಲ್ಯಾಬಿಗೇ ಚಳ್ಳೆಹಣ್ಣು ತಿನ್ನಿಸುವ ಪಾಕ ನಿಮ್ಮ ಬೆಂಕಿಕಡ್ಡಿಗೆ ಸಿಗುತ್ತದಾ? ಈ ವಿಡಿಯೊ ಮಾಡಿ ಹಂಚುವ ‘ಆರೋಗ್ಯ ಗುರು’ಗಳಿಗೆ ನೋಡುವವರ ಲೆಕ್ಕ ಏರಿದರೆ ಸಾಕು. ನಷ್ಟ ನಿಮಗೆ.

ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ. ಹದಿನೈದು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಜೇನು ಬಾಟ್ಲಿಗೆ ನಾನೇ ಬರೆದುಕೊಟ್ಟ ಸಾಲು: ‘ವರ್ಷವಾದರೂ ಗಟ್ಟಿಯಾಗದ ಅಪ್ಪಟ ಜೇನು’. ಬರೆದಾಗ ಭಾರೀ ಖುಷಿ. ಡಿಸೆಂಬರ್ ಚಳಿ ಬಿತ್ತು ನೋಡಿ, ಬಾಟ್ಲಿ ತಳದಲ್ಲಿ ರವೆ ಕೂತ ಹಾಗೆ ಜೇನು ಕೂತಿತು. ಜನ ಅಂಗಡಿಗೆ ಬಂದು ಬಾಟ್ಲಿ ತಲೆಕೆಳಗೆ ಮಾಡಿ ತೋರಿಸಿದರು. "ಸಕ್ಕರೆ ಹಾಕಿದ್ದಿ, ಮತ್ತೆ ಅಪ್ಪಟ ಅಂತಿ?" ಹೊಸ ಲೇಬಲ್ಲಿನ ಖರ್ಚು ನಾನೇ ಕೊಟ್ಟೆ.

ಜೇನು ಗಟ್ಟಿಯಾಗುವುದು ಕಲಬೆರಕೆಯಿಂದ ಅಲ್ಲ. ಅದರಲ್ಲಿರುವ ಗ್ಲುಕೋಸ್ ಚಳಿಗೆ ಹರಳಾಗುತ್ತದೆ, ಅಷ್ಟೇ. ಹದಿನಾಲ್ಕು ಡಿಗ್ರಿ ಆಸುಪಾಸಿನಲ್ಲಿ ಬೇಗ ಆಗುತ್ತದೆ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಬಾಟ್ಲಿ ಇಟ್ಟರೆ ನಿಧಾನಕ್ಕೆ ಕರಗುತ್ತದೆ. ಒಲೆ ಮೇಲಿಟ್ಟು ಕುದಿಸಿದರೆ ಪರಿಮಳ ಹೋಯಿತು.

ಇದು ನಿಮಗೆ ಗೊತ್ತಿರುವ ವಿಷಯ. 812 ಜನರಲ್ಲಿ ಎಷ್ಟು ಜನಕ್ಕೆ ಗೊತ್ತು? ನವೆಂಬರಿನಲ್ಲಿ, ದೂರು ಬರುವ ಮೊದಲೇ ಹಾಕಿ: "ನಿಮ್ಮ ಮನೆಯ ಬಾಟ್ಲಿ ತಳದಲ್ಲಿ ಗಟ್ಟಿ ಆಗಿರಬಹುದು. ಚೆಲ್ಲಬೇಡಿ, ಹೀಗೆ ಮಾಡಿ." ಅದರಲ್ಲಿ ಕೊಳ್ಳಿ ಎನ್ನುವ ಮಾತೇ ಇಲ್ಲ. ಆದರೆ ಗಿರಾಕಿಯ ಅರ್ಧ ಬಾಟ್ಲಿ ಉಳಿಯಿತಲ್ಲ. ನಿಮ್ಮ ಶುಭೋದಯದ ಗುಲಾಬಿ ಹೂವಿನಿಂದ ಯಾರಿಗೆ ಏನು ಉಳಿಯಿತು?

ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಅಜ್ಜಿಯಂದಿರು ಸಿಟ್ಟಾಗಲಿ, ಇದನ್ನು ಲೇಬಲ್ ಮೇಲೇ ಬರೆಯಿರಿ. ನೇರಳೆ ಹೂವಿನ ತುಪ್ಪ ಕಪ್ಪಗಿರುತ್ತದೆ, ಸ್ವಲ್ಪ ಕಹಿ ಅನ್ನಿಸುತ್ತದೆ ಎನ್ನುವುದನ್ನೂ ಬಾಟ್ಲಿ ಕೊಡುವ ಮೊದಲೇ ಹೇಳಿ. ಯಾವ ಊರು, ಯಾವ ತಿಂಗಳು ತೆಗೆದದ್ದು ಎಂದು ಕೈಯಲ್ಲಿ ಬರೆದರೂ ನಡೆಯುತ್ತದೆ.

ಇನ್ನೊಂದು ಮಾತು, ಇದು ನಿಮಗೆ ರುಚಿಸಲಿಕ್ಕಿಲ್ಲ. ಮಳೆಗಾಲದಲ್ಲಿ ಹುಳಕ್ಕೆ ಸಕ್ಕರೆ ಪಾಕ ಕೊಡುತ್ತೀರಿ, ಅಲ್ವಾ? ಮುಚ್ಚಿಡಬೇಡಿ. ಹೂವಿಲ್ಲದ ಆ ಎರಡು ಮೂರು ತಿಂಗಳು ಹುಳ ಬದುಕಬೇಕು, ಆಗ ನಾವು ತುಪ್ಪ ತೆಗೆಯುವುದಿಲ್ಲ ಎಂದು ಫೋಟೊ ಸಮೇತ ನೀವೇ ಹೇಳಿ. ಬೇಲಿ ಆಚೆ ನಿಂತು ಯಾರೋ ಮೊಬೈಲಿನಲ್ಲಿ ತೆಗೆದು ‘ನೋಡಿ, ಸಕ್ಕರೆ ಜೇನು’ ಎಂದು ಹಾಕಿದ ಮೇಲೆ ನೀವು ಎಷ್ಟು ವಿವರಿಸಿದರೂ ಯಾರೂ ಕೇಳುವುದಿಲ್ಲ.

ಗ್ರೂಪಿನ ವಿಷಯ. 812ರಲ್ಲಿ ಕೇಳಿ ಸೇರಿಸಿದ್ದು ಎಷ್ಟು ಜನರನ್ನು? ಮದುವೆ ಮನೆಯಲ್ಲಿ ನಂಬರ್ ಸಿಕ್ಕಿತು ಎಂದು ಸುಮ್ನೆ ಸೇರಿಸಿದರೆ ಅದು ಸಂತೆ. ಗ್ರೂಪಿಗೆ ಬೀಗ ಹಾಕಿ. "ತುಪ್ಪ ತೆಗೆದಾಗ ತಿಳಿಸಬೇಕಾದರೆ ನನ್ನ ನಂಬರ್ ಸೇವ್ ಮಾಡಿಕೊಂಡು ಒಂದು ಮೆಸೇಜ್ ಕಳಿಸಿ" ಎನ್ನಿ. ಬಂದವರನ್ನು ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿ, ನೀವು ಹಾಕಿದ ಒಂದೇ ಮೆಸೇಜ್ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ನೂರೈವತ್ತು ಜನ ಸಿಕ್ಕರೂ ನನ್ನ ಲೆಕ್ಕದಲ್ಲಿ ಅದು 812ಕ್ಕಿಂತ ಜಾಸ್ತಿ. ಅವರಲ್ಲಿ ಹತ್ತು ಜನರನ್ನು ಏಪ್ರಿಲಿನ ಒಂದು ಭಾನುವಾರ ಮನೆಗೆ ಕರೆಯಿರಿ. ಪೆಟ್ಟಿಗೆ ತೆರೆಯುವುದನ್ನು, ತುಪ್ಪ ತೆಗೆಯುವ ಯಂತ್ರ ತಿರುಗಿಸುವುದನ್ನು ನೋಡಲಿ. ಒಬ್ಬರಿಗೆ ಹುಳ ಕಚ್ಚಿದರೂ ಕಚ್ಚಲಿ, ಆ ಕಥೆ ಅವರು ಹತ್ತು ಮನೆಯಲ್ಲಿ ಹೇಳುತ್ತಾರೆ.

ಅಡಿಕೆ ಬೆಳೆಗಾರರು ಕೂಡಿ 1923ರಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಕಟ್ಟಿದ ಊರು ಶಿರಸಿ. ಅಲ್ಲಿಯವರೇ ಕಮ್ಯುನಿಟಿ ಕಟ್ಟುವುದು ಹೇಗೆ ಎಂದು ನನ್ನನ್ನು ಕೇಳಿದರೆ ನಗು ಬರುತ್ತದೆ.

ಮೊದಲ ಕೆಲಸ ಮಾತ್ರ ಇವತ್ತೇ ಆಗಲಿ. ಆ ವಿಡಿಯೊ ತಪ್ಪು ಎಂದು ಅದೇ ಗ್ರೂಪಿನಲ್ಲಿ ಬರೆಯಿರಿ. ಆ ಇಬ್ಬರಿಗೆ ಫೋನ್ ಮಾಡಿ.

ಪ್ರಶ್ನೆ: ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟ ಅತಿಥಿಗೆ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಬಿಡಬಹುದಾ? ರೀಲ್ಸ್ ಮಾಡುವವರಿಗೆ ರೂಮು ಪುಕ್ಕಟೆ ಕೊಡಬಹುದಾ? (ಹೋಮ್‌ಸ್ಟೇ, ಗೋಕರ್ಣ)

ಸ್ಟಾರಿಗೆ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೇ ವಿರುದ್ಧ. ಪುಕ್ಕಟೆ ರೂಮು ಕೊಟ್ಟರೆ ಆ ರೀಲ್ ಜಾಹೀರಾತು ಎಂದೇ ಲೆಕ್ಕ, ಹಾಗೆಂದು ವಿಡಿಯೊದಲ್ಲೇ ತೋರಿಸಬೇಕು. ಅದಕ್ಕಿಂತ ನಿಮ್ಮ ಮನೆಗೆ ಬರುವ ರಸ್ತೆ ಜೂನ್ ಆದ ಮೇಲೆ ಹೇಗಿರುತ್ತದೆ ಎಂದು ನಿಜ ಬರೆಯಿರಿ.

ಪ್ರಶ್ನೆ: 999 ರೂಪಾಯಿಗೆ 5,000 ಫಾಲೋವರ್ಸ್ ಕೊಡುತ್ತಾರಂತೆ. (ಬಟ್ಟೆ ಅಂಗಡಿ, ಕಾರವಾರ)

ಆ ದುಡ್ಡಿಗೆ ಬಂಗಡೆ ತಗೊಂಡು ಮನೆಗೆ ಹೋಗಿ.

ಪ್ರಶ್ನೆ: ನಮ್ಮ ಕಡೆಯ ಕರಿ ಈಶಾಡ ಮಾವಿಗೆ ಜಿಐ (ಇಂಥ ಊರಿನದು ಎನ್ನುವ ಸರಕಾರದ ಮಾನ್ಯತೆ) ಸಿಕ್ಕಿದೆಯಲ್ಲ, ನಮ್ಮ ಹಣ್ಣಿನ ಪೆಟ್ಟಿಗೆ ಮೇಲೆ ಆ ಚಿಹ್ನೆ ಹಾಕಬಹುದಾ? (ಅಂಕೋಲಾ)

ಸಿಕ್ಕಿದ್ದು 2023ರಲ್ಲಿ, ನಿಜ. ಆದರೆ ನೀವು ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸದೆ ಚಿಹ್ನೆ ಹಾಕುವ ಹಾಗಿಲ್ಲ. ಅರ್ಜಿ ಹಾಕಿ. ಅಲ್ಲಿಯವರೆಗೆ ಹಣ್ಣು ಯಾವ ದಿನ ಕಿತ್ತದ್ದು, ಯಾವ ದಿನದೊಳಗೆ ತಿನ್ನಬೇಕು ಎಂದು ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ ಪೆಟ್ಟಿಗೆ ಬಿಚ್ಚುವವರು ಮೊದಲು ಹುಡುಕುವುದು ಅದನ್ನು.