ದಿನಕ್ಕೆ ಹದಿನೈದು ಕೆಲಸ ಬರೆದುಕೊಳ್ಳುತ್ತೇನೆ, ಮುಖ್ಯವಾದದ್ದೇ ಉಳಿದುಹೋಗುತ್ತದೆ. ಆದ್ಯತೆ ಕೊಡೋಕೆ ಯಾವ ವಿಧಾನ ಒಳ್ಳೆಯದು?

"ಹನ್ನೆರಡು ಮುಗಿಸಿದರೂ ಏನೂ ಮಾಡಿಲ್ಲ ಅನಿಸುತ್ತೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ತುರ್ತೇ, ಮುಖ್ಯವೇ ಅಂತ ನೋಡಿ ಕೆಲಸಗಳನ್ನು ನಾಲ್ಕು ಮನೆಗೆ ಹಂಚುವ ನಾಲ್ಕು ಚೌಕದ ಪಟ್ಟಿಯೋ, ದಿನಕ್ಕೆ ಆರೇ ಕೆಲಸದ ಪಟ್ಟಿಯೋ ಅಂತಲೂ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೆಲಸಕ್ಕೆ ಹೋಗುತ್ತಲೇ ಎಂ.ಎ. ಓದುತ್ತಿದ್ದೆ. ಕೊನೆಗೆ ಪ್ರಬಂಧವೊಂದೇ ಬಾಕಿ. ಕೈಯಲ್ಲಿ ಎಂಟು ತಿಂಗಳು ಇತ್ತು. ರಾತ್ರಿ ಮಲಗುವ ಮುಂಚೆ ಮರುದಿನದ ಪಟ್ಟಿ ಬರೆದು ಪ್ರತಿ ಕೆಲಸಕ್ಕೂ ನಂಬರ್ ಹಾಕುತ್ತಿದ್ದೆ. ಒಂದನೇ ನಂಬರ್ ಯಾವತ್ತೂ "ಪ್ರಬಂಧ". ಅಂದರೆ, ಆದ್ಯತೆಯಲ್ಲಿ ನಾನು ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದೆಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ ಅನಿಸುತ್ತದೆ. ಬೆಳಿಗ್ಗೆ ಎದ್ದು ಪಟ್ಟಿ ನೋಡಿದರೆ ಮೊದಲನೆಯದು ದೊಡ್ಡದು. ಉಳಿದವೆಲ್ಲ ಸಣ್ಣವು. ಮೇಲ್‌ಗೆ ಉತ್ತರ, ಬಿಲ್ ಕಟ್ಟೋದು, ಯಾರಿಗೋ ಫೋನ್. "ಇವನ್ನೆಲ್ಲ ಮುಗಿಸಿಬಿಟ್ಟರೆ ತಲೆ ಹಗುರ ಆಗುತ್ತೆ, ಆಮೇಲೆ ನೆಮ್ಮದಿಯಾಗಿ ಪ್ರಬಂಧಕ್ಕೆ ಕೂರಬಹುದು" ಅಂದುಕೊಳ್ಳುತ್ತಿದ್ದೆ. ಇದೇ ನನ್ನ ತಪ್ಪು. ಸೋಮಾರಿತನ ಅಲ್ಲ ಅದು, ನಾನು ಇಡೀ ದಿನ ದುಡಿಯುತ್ತಿದ್ದೆ. ಆದರೆ ಸಣ್ಣ ಕೆಲಸ ಖಾಲಿಯಾಗುವುದೇ ಇಲ್ಲ. ಒಂದು ಮೇಲ್‌ಗೆ ಉತ್ತರ ಕೊಟ್ಟರೆ ಇನ್ನೆರಡು ಬರುತ್ತವೆ. ತಲೆ ಹಗುರ ಆಗುವ ಆ ಹೊತ್ತು ಬರಲೇ ಇಲ್ಲ. ರಾತ್ರಿ 9:30ಕ್ಕೆ ಫೈಲ್ ತೆರೆದರೆ ಕಣ್ಣು ಎಳೆಯುತ್ತಿತ್ತು. ಶೀರ್ಷಿಕೆಯ ಅಕ್ಷರ ಒಂಚೂರು ದೊಡ್ಡದು ಮಾಡಿ, ಪುಟದ ಅಂಚು ಸರಿಮಾಡಿ, ಮುಚ್ಚಿಬಿಡುತ್ತಿದ್ದೆ. ಮರುದಿನದ ಪಟ್ಟಿಯಲ್ಲಿ ಮತ್ತೆ ಒಂದನೇ ನಂಬರ್: ಪ್ರಬಂಧ.

ಆ ನೋಟ್‌ಬುಕ್‌ನಲ್ಲಿ ಕೆಳಗಿನ ಸಾಲುಗಳಿಗೆಲ್ಲ ಟಿಕ್ ಇದೆ. ಮೇಲಿನ ಸಾಲಿಗೆ ಮಾತ್ರ ಇಲ್ಲ. ಮೊದಮೊದಲು ನೀಲಿ ಪೆನ್ನು. ಒಂದು ತಿಂಗಳಾದ ಮೇಲೆ ಅಡಿಗೆರೆ. ಆಮೇಲೆ ಸುತ್ತ ಒಂದು ಚೌಕ. ಕೊನೆಕೊನೆಗೆ ಕೆಂಪು ಪೆನ್ನಲ್ಲಿ ಎಷ್ಟು ಒತ್ತಿ ಬರೆದಿದ್ದೇನೆಂದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿ ನಿಂತಿದೆ.

ಸಲ್ಲಿಸುವ ದಿನ ಬಂದಾಗ ಐದರಲ್ಲಿ ಎರಡು ಅಧ್ಯಾಯ ಆಗಿತ್ತು. ಒಂದು ವರ್ಷ ಹೋಯಿತು. ಮತ್ತೆ ಹೆಸರು ನೋಂದಾಯಿಸಿ, ಮತ್ತೆ ಫೀಸು ಕಟ್ಟಿದೆ. ಆ ಪದವಿಯನ್ನೇ ನಂಬಿಕೊಂಡಿದ್ದ ಬಡ್ತಿಯೂ ಕೈತಪ್ಪಿತು.

ಗೈಡ್ ಹತ್ತಿರ ಹೋಗಿ "ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಮೇಡಂ" ಅಂದೆ. ಅವರು ಬೈಯಲಿಲ್ಲ. "ಸರಿ ಕಣಮ್ಮ, ನಾಳೆ ಎಷ್ಟು ಗಂಟೆಗೆ ಕೂರ್ತೀಯ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು. ನನ್ನ ಪಟ್ಟಿಯಲ್ಲಿ ನಂಬರ್ ಇತ್ತು, ಗಂಟೆ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ತೊಂದರೆ ಆದ್ಯತೆಯದ್ದೇ ಅಲ್ಲ. ಯಾವುದು ಮುಖ್ಯ ಅಂತ ನಿಮಗೆ ಗೊತ್ತು, ಅದೇ ಉಳಿದುಹೋಗುತ್ತದೆ ಅಂತ ಪ್ರಶ್ನೆಯಲ್ಲೇ ಬರೆದಿದ್ದೀರಿ! ಇನ್ನೊಂದು ವಿಧಾನ ಕಲಿತರೆ ಅದೇ ಹದಿನೈದು ಕೆಲಸವನ್ನು ಬೇರೆ ಥರ ಜೋಡಿಸುತ್ತೀರಿ, ಅಷ್ಟೆ. ನಾಲ್ಕು ಚೌಕಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿದೆ. ತುರ್ತು ಬೇರೆ, ಮುಖ್ಯ ಬೇರೆ ಅನ್ನೋ ಮಾತನ್ನು ಅವರು 1954ರ ಒಂದು ಭಾಷಣದಲ್ಲಿ ಆಡಿದ್ದರು. ಚೌಕ ಕೆಟ್ಟದ್ದೇನಲ್ಲ. ಆದರೆ "ಮುಖ್ಯ, ತುರ್ತಲ್ಲ" ಅನ್ನುವ ಮನೆಗೆ ಅದು ಹೇಳುವುದೇ ಸಮಯ ಗೊತ್ತುಮಾಡು ಅಂತ. ನಾವು ಚೌಕ ಬರೆದು ಅಲ್ಲಿಗೇ ನಿಲ್ಲಿಸುತ್ತೇವೆ.

ಎರಡನೇ ಸಲ ಬೆಳಿಗ್ಗೆ 6ರಿಂದ 6:50 ಪ್ರಬಂಧಕ್ಕೆ ಅಂತ ಇಟ್ಟೆ. ಫೋನ್ ಪಕ್ಕದ ರೂಮಿನಲ್ಲಿ. ಪಟ್ಟಿಯಲ್ಲಿ "ಪ್ರಬಂಧ" ಅಂತ ಬರೆಯುವುದನ್ನೇ ಬಿಟ್ಟೆ. "ಮೂರನೇ ಅಧ್ಯಾಯ, ಸಂದರ್ಶನದ ಭಾಗ, ಎರಡು ಪ್ಯಾರಾ" ಅಂತ ಬರೆದೆ. ಸಣ್ಣ ಕೆಲಸಗಳಿಗೆಲ್ಲ ಸೇರಿಸಿ ಸಂಜೆ 40 ನಿಮಿಷ. ಅಷ್ಟರಲ್ಲಿ ಆದದ್ದು ಆಯಿತು. ತಡವಾದರೆ ದಂಡ ಬೀಳುವಂಥವನ್ನು ಮಾತ್ರ ಬಿಡಲಿಲ್ಲ. ಉಳಿದವುಗಳಲ್ಲಿ ಎಷ್ಟೋ ತಾವಾಗೇ ಕರಗಿಹೋದವು, ಯಾರೂ ಕೇಳಲೂ ಇಲ್ಲ. ನಿಮಗೆ ರಾತ್ರಿ ಪಾಳಿ ಇದ್ದರೆ, ಮನೆಯಲ್ಲಿ ಪುಟ್ಟ ಮಗು ಇದ್ದರೆ ಬೆಳಿಗ್ಗೆಯೇ ಆಗಬೇಕಿಲ್ಲ. ಆದರೆ ಬೇರೆಯವರ ಕೆಲಸ ನಿಮ್ಮ ಕೈಗೆ ಬರುವ ಮುಂಚಿನ ಹೊತ್ತಾಗಿರಲಿ. ಇದರಲ್ಲಿ ನಾನು ಹಟಮಾರಿ.

ಪಟ್ಟಿ ಬರೆಯೋಕೆ ಹೊಸ ಆಪ್ ಹುಡುಕುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ.

ಇನ್ನು, ಒಂದು ಕೆಲಸ ಮುಗಿಸೋಕೆ ಎಷ್ಟು ದಿನ ಬೇಕು ಅನ್ನೋ ಅಂದಾಜನ್ನು ಜಾಸ್ತಿ ನಂಬಬೇಡಿ. 1994ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ಇದನ್ನೇ ಕೇಳಿದ್ದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟರೆ 49 ಅಂದರು. ನಿಜವಾಗಿ ಹಿಡಿದದ್ದು 55ಕ್ಕೂ ಜಾಸ್ತಿ. ನಾನೂ ಉಳಿದ ಮೂರು ಅಧ್ಯಾಯಕ್ಕೆ 13 ವಾರ ಅಂದುಕೊಂಡಿದ್ದೆ. 19 ಹಿಡಿಯಿತು. ಆದರೆ ಈ ಸಲ ಸಲ್ಲಿಸುವ ದಿನಕ್ಕೆ ಇನ್ನೂ ಒಂದು ತಿಂಗಳು ಬಾಕಿ ಇತ್ತು.